ಕ್ಲೌಡ್‌ವಾಚ್ ಎಪಿಐ ಖಾಲಿ ಉತ್ತರ ಕೊಡುವುದೇಕೆ?

ರಾಯಚೂರಿನ ಅಕ್ಕಿ ಗಿರಣಿಯ ಬಿಲ್ಲಿಂಗ್ ಸರ್ವರ್ ಅಮೆಜಾನ್ ಕ್ಲೌಡ್‌ನ (ಎಡಬ್ಲ್ಯೂಎಸ್) ಮುಂಬೈ ರೀಜನ್‌ನಲ್ಲಿದೆ, ಅದರ ಮೇಲೆ ಕಣ್ಣಿಡುವ ಕ್ಲೌಡ್‌ವಾಚ್ ಸೇವೆಯನ್ನು ಪೈಥಾನ್‌ನಿಂದ ಸಿಪಿಯು ಬಳಕೆ ಕೇಳಿದರೆ ಖಾಲಿ ಪಟ್ಟಿ ಬರುತ್ತದೆ, ದೋಷವೂ ತೋರಿಸುವುದಿಲ್ಲ ಎಂದಿದ್ದೀರಿ.

ನನ್ನ ಅನುಮಾನ ಸಮಯದ ಮೇಲೆ. ನಿಮ್ಮ ಕೋಡ್‌ನಲ್ಲಿ 15:00ರ ಮುಂದೆ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಗುರುತಾದ ‘ಝಡ್’ ಇದೆ. ಅದು ನಮ್ಮ ರಾತ್ರಿ ಎಂಟೂವರೆ. ಮಧ್ಯಾಹ್ನ ಕುಳಿತು ರಾತ್ರಿಯ ಲೆಕ್ಕ ಕೇಳಿದರೆ ಯಾರು ತಾನೇ ಕೊಟ್ಟಾರು! ಮಧ್ಯಾಹ್ನ ಮೂರಕ್ಕೆ 09:30 ಎಂದು ಬರೆಯಿರಿ. ಇದೇ ತಪ್ಪಿನಿಂದ ನಾನೂ ಒಂದು ಮೇ ತಿಂಗಳ ಮಧ್ಯಾಹ್ನ, ಕರೆಂಟ್ ಹೋದ ಕೋಣೆಯಲ್ಲಿ ಬೆವರಿದ್ದೇನೆ.

ಅದು ಸರಿಯಿದ್ದರೆ ರೀಜನ್ ಮತ್ತು ಡೈಮೆನ್ಷನ್ (ಯಾವ ಸರ್ವರ್‌ನ ಅಂಕಿ ಎಂದು ಹೇಳುವ ಗುರುತು, ಇಲ್ಲಿ ಇನ್‌ಸ್ಟನ್ಸ್ ಐಡಿ) ನೋಡಿ. ಇನ್‌ಸ್ಟನ್ಸ್ ಐಡಿಯಲ್ಲಿ ಒಂದಕ್ಷರ ತಪ್ಪಿದರೂ ಎಪಿಐ ಗದರುವುದಿಲ್ಲ, ಸುಮ್ಮನೆ ಖಾಲಿ ಕೈ ತೋರಿಸುತ್ತದೆ. ಮೊದಲು, ಇರುವ ಮೆಟ್ರಿಕ್‌ಗಳ (ಅಳತೆಗಳ) ಪಟ್ಟಿ ಕೊಡುವ ‘ಲಿಸ್ಟ್‌ಮೆಟ್ರಿಕ್ಸ್’ ಕರೆದು, ಅದು ಕೊಟ್ಟ ಹೆಸರನ್ನೇ ನಕಲಿಸಿ.

ಸಾಮಾನ್ಯ ಮಾನಿಟರಿಂಗ್‌ನಲ್ಲಿ ಅಂಕಿ ಸಿಗುವುದು 5 ನಿಮಿಷಕ್ಕೊಮ್ಮೆ, ಆದ್ದರಿಂದ ಪೀರಿಯಡ್ (ಅಂಕಿಗಳ ನಡುವಿನ ಅಂತರ) 300 ಸೆಕೆಂಡ್ ಇಡಿ. ‘ಗೆಟ್‌ಮೆಟ್ರಿಕ್‌ಡೇಟಾ’ ಒಂದೇ ಕರೆಯಲ್ಲಿ 500 ಮೆಟ್ರಿಕ್‌ಗಳವರೆಗೆ ತರುತ್ತದೆ, ಹೊಸ ಅಂಕಿ ಮೊದಲು. ಗ್ರಾಫ್ ಹಿಂದುಮುಂದಾಗಿ ಕಂಡರೆ ಗಾಬರಿ ಬೇಡ. ಮೆಮೊರಿ ಬಳಕೆ ಮಾತ್ರ ಸರ್ವರ್‌ನಲ್ಲಿ ಏಜೆಂಟ್ (ಅಂಕಿ ಕಳಿಸುವ ಚಿಕ್ಕ ತಂತ್ರಾಂಶ) ಹಾಕದೆ ಸಿಗದು.