ಕಚೇರಿ ಗೋಡೆಗೆ ಮೊಳೆ ಹೊಡೆಯಬಹುದಾ?

ಪ್ರಶ್ನೆ: ನಾಲ್ಕು ವರ್ಷದಿಂದ ನಮ್ಮ ಸುತ್ತಮುತ್ತಲ ಆಲೆಮನೆಗಳ ಫೋಟೊ ತೆಗೆಯುತ್ತಿದ್ದೇನೆ. ಗಾಣ, ಕೊಪ್ಪರಿಗೆ, ಬೆಲ್ಲ ಅಚ್ಚಿಗೆ ಹುಯ್ಯೋದು, ಎಲ್ಲ ಇದೆ. 40 ಫೋಟೊ ಆರಿಸಿದ್ದೇನೆ. ಯಾವುದಾದರೂ ಸರ್ಕಾರಿ ಕಟ್ಟಡದಲ್ಲಿ ಪ್ರದರ್ಶನ ಮಾಡುವ ಆಸೆ. ಯಾರನ್ನು ಕೇಳಬೇಕು, ಎಷ್ಟು ದೊಡ್ಡ ಪ್ರಿಂಟ್ ಹಾಕಿಸಬೇಕು?
— ಓದುಗ, ಮದ್ದೂರು ತಾಲ್ಲೂಕು

ಉತ್ತರ: ಮೊದಲು 40ನ್ನು 15ಕ್ಕೆ ಇಳಿಸಿ. ಬೇಜಾರು ಮಾಡ್ಕೋಬೇಡಿ, ನಾಲ್ಕು ಕೊಪ್ಪರಿಗೆ ನೋಡಿದವರು ಐದನೆಯದನ್ನು ನೋಡಲ್ಲ.

ಜಾಗದಲ್ಲಿ ಎರಡು ಬಗೆ. ಒಂದು, ಪ್ರದರ್ಶನಕ್ಕೆ ಅಂತಲೇ ಇರುವುದು. ಮೈಸೂರಿನ ಕಲಾಮಂದಿರದ ಆವರಣದಲ್ಲಿ ಸುಚಿತ್ರ ಗ್ಯಾಲರಿ ಇದೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ಕೇಳಿ ದಿನ ಗೊತ್ತು ಮಾಡಿಕೊಳ್ಳಬೇಕು. ಇನ್ನೊಂದು, ಜನ ಬೇರೆ ಕೆಲಸಕ್ಕೆ ಬರುವ ಕಟ್ಟಡ. ತಾಲ್ಲೂಕು ಕಚೇರಿ, ಆಸ್ಪತ್ರೆ, ಲೈಬ್ರರಿ, ಬಸ್ ನಿಲ್ದಾಣ. ನನ್ನ ಓಟು ಎರಡನೆಯದಕ್ಕೆ. ಗ್ಯಾಲರಿಯಲ್ಲಿ ಮೊದಲ ದಿನ ದೀಪ, ಶಾಲು, ಹಾರ, ಭಾಷಣ, ಮೂವತ್ತು ಜನ, ಅದರಲ್ಲಿ ಇಪ್ಪತ್ತು ಜನ ನಮ್ಮ ನೆಂಟರೇ. ಎರಡನೇ ದಿನ ವಾಚ್‌ಮನ್ ಮತ್ತು ಫ್ಯಾನು. ಕಚೇರಿ ಮೊಗಸಾಲೆಯಲ್ಲಿ ಹಾಗಲ್ಲ. ಪಹಣಿಗೆ ಬಂದವನಿಗೆ ಸರ್ವರ್ ಡೌನ್ ಅಂದಿರುತ್ತಾರೆ, ಅವನು ಎಲ್ಲಿಗೆ ಹೋಗ್ತಾನೆ ಹೇಳಿ? ನಿಮ್ಮ ಫೋಟೊ ಮುಂದೆಯೇ ನಿಲ್ಲಬೇಕು.

ಕೆಲವು ವರ್ಷದ ಹಿಂದೆ ಮಂಡ್ಯದ ಒಂದು ಕಚೇರಿಯಲ್ಲಿ ಇಂಥದ್ದೇ ಪ್ರದರ್ಶನ ನೋಡಿದ್ದೆ. ಗದ್ದೆಯಲ್ಲಿ ಬಗ್ಗಿದ ಹೆಂಗಸರ ಚಿತ್ರ, ಕೆಳಗೆ 'ನಾಟಿ' ಅಂತ ಚೀಟಿ. ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನ ಕಾಗದಪತ್ರ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಮೊಮ್ಮಗನ ಹತ್ತಿರ ಅದನ್ನು ಓದಿಸಿಕೊಂಡು, "ಅಯ್ಯೋ, ನಾಟಿ ಅಲ್ಲ ಕಣಪ್ಪ, ಕಳೆ ಕೀಳ್ತಾವ್ರೆ. ಪೈರು ಮೊಣಕಾಲುದ್ದ ಬಂದದೆ, ಕಾಣಕ್ಕಿಲ್ವಾ?" ಅಂದರು. ಫೋಟೊ ತೆಗೆದ ಹುಡುಗ ಅಲ್ಲೇ ಇದ್ದ, ಪೆನ್ನು ತೆಗೆದು ಚೀಟಿ ತಿದ್ದಿದ. ಗ್ಯಾಲರಿಯಲ್ಲಿ ಇಂಥ ವಿಮರ್ಶಕರು ಸಿಗಲ್ಲ.

ಅರ್ಜಿಯನ್ನು ಆ ಕಚೇರಿಯ ಮುಖ್ಯಸ್ಥರಿಗೇ ಬರೆಯಿರಿ. ಒಂದೇ ಪುಟ. ಯಾವ ಗೋಡೆ, ಎಷ್ಟು ದಿನ, ಎಷ್ಟು ಚಿತ್ರ, ಕೊನೆಯ ದಿನ ಇಳಿಸುವವರು ಯಾರು, ಗೋಡೆ ಹಾಳಾದರೆ ಸರಿ ಮಾಡಿಸುವವರು ಯಾರು. ಈ ಕೊನೆಯ ಎರಡನ್ನು ಬರೆಯದಿದ್ದರೆ ಫೈಲು ಅಲ್ಲೇ ಕೂರುತ್ತೆ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಪ್ಪಿಗೆಯೂ ಬಾಯಿಮಾತಲ್ಲಿ ಬೇಡ, ಸಾಹೇಬರಿಗೆ ವರ್ಗ ಆದರೆ ಬಾಯಿಮಾತಿಗೂ ವರ್ಗ ಆಗುತ್ತೆ.

ಮೊಳೆ ಮಾತ್ರ ಹೊಡೆಯಬೇಡಿ. ನಮ್ಮ ಕಡೆ ಹಳೇ ಕಚೇರಿಗಳು ಎಷ್ಟೋ ಗಾರೆ ಗೋಡೆಯವು. ಸುತ್ತಿಗೆ ಏಟು ಬಿದ್ದರೆ ಮೊಳೆ ನಿಲ್ಲಲ್ಲ, ಅಂಗೈ ಅಗಲ ಗಾರೆ ಉದುರುತ್ತೆ. ಸ್ಟ್ಯಾಂಡ್ ಇಡಿ, ಇಲ್ಲ ಮೇಲೆ ಮರದ ಪಟ್ಟಿ ಇದ್ದರೆ ಕೊಕ್ಕೆ ಹಾಕಿ ತಂತಿಯಲ್ಲಿ ಇಳಿಬಿಡಿ.

ಪ್ರಿಂಟ್ ಲೆಕ್ಕ ಸುಲಭ. 12x18 ಇಂಚಿಗೆ, ಇಂಚಿಗೆ 300 ಪಿಕ್ಸೆಲ್‌ನಂತೆ, 3600x5400 ಪಿಕ್ಸೆಲ್ ಬೇಕು. ಅದೇ ಫೈಲು 24x36 ಇಂಚಿಗೂ ಆಗುತ್ತೆ. ಆಗ ಇಂಚಿಗೆ 150 ಪಿಕ್ಸೆಲ್ ಅಷ್ಟೇ, ಆದರೆ ದೊಡ್ಡ ಚಿತ್ರವನ್ನು ಜನ ದೂರ ನಿಂತು ನೋಡುವುದರಿಂದ ಗೊತ್ತಾಗಲ್ಲ. ಮೂಲ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತೆ. ಹೊಳೆಯುವ ಕಾಗದ ಬೇಡ, ಗಾಜೂ ಬೇಡ. ಮೊಗಸಾಲೆಯ ಟ್ಯೂಬ್‌ಲೈಟು ಚಿತ್ರದೊಳಗೆ ಬಂದು ಕೂರುತ್ತೆ. ಮ್ಯಾಟ್ ಪ್ರಿಂಟ್ ತೆಗೆಸಿ ಸನ್‌ಬೋರ್ಡ್ ಅನ್ನೋ ಫೋಮ್ ಹಲಗೆಗೆ ಅಂಟಿಸಿದರೆ ಸಾಕು, ಹಗುರವೂ ಹೌದು. ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 57 ಇಂಚು ಎತ್ತರದಲ್ಲಿರಲಿ. ಎದುರಿಗೆ ಬೆಂಚು ಇದ್ದರೆ ಸ್ವಲ್ಪ ಕೆಳಗೆ, ಕೂತವರೂ ನೋಡಬೇಕಲ್ವಾ.

ಮತ್ತೆ, ಆಲೆಮನೆಯಲ್ಲಿ ಬೆವರು ಸುರಿಸುತ್ತಿರುವವರ ಮುಖ ಹಾಕುತ್ತಿದ್ದರೆ ಅವರನ್ನೊಂದು ಮಾತು ಕೇಳಿ. ಆರಂಭದ ದಿನ ಅವರನ್ನೂ ಕರೆಯಿರಿ.

ಪ್ರಶ್ನೆ: ನಾವು ಗೆಳೆಯರು ಸೇರಿ, ಕೇಳಿಕೊಂಡೇ, ಒಂದು ಕಚೇರಿಯ ಗೋಡೆಗೆ ದಸರಾ ಚಿತ್ರ ಬರೆದಿದ್ದೆವು. ಈ ವರ್ಷ ಹೋಗಿ ನೋಡಿದರೆ ಅದರ ಮೇಲೆ ಸುಣ್ಣ. ಗೋಡೆ ಅವರದ್ದು ಸರಿ, ಚಿತ್ರ ನಮ್ಮದಲ್ವಾ?
— ಓದುಗಿ, ಮೈಸೂರು

ಉತ್ತರ: ನಿಮ್ಮ ಸಿಟ್ಟಿಗೆ ಕಾನೂನಿನಲ್ಲೂ ಜಾಗ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಕೃತಿಯನ್ನು ಮಾರಿದ ಮೇಲೂ ಅದನ್ನು ಕೆಡಿಸಿ ತನ್ನ ಹೆಸರಿಗೆ ಧಕ್ಕೆ ತಂದರೆ ಕೇಳುವ ಹಕ್ಕು ಕಲಾವಿದನಿಗೆ ಇರುತ್ತೆ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಮಾಡಿದ ಕಂಚಿನ ಭಿತ್ತಿಶಿಲ್ಪ ಇತ್ತು, ಸುಮಾರು 140 ಅಡಿ ಉದ್ದ, 40 ಅಡಿ ಎತ್ತರ. 1979ರಲ್ಲಿ ಅವರನ್ನು ಕೇಳದೆ ಕಿತ್ತು ಉಗ್ರಾಣಕ್ಕೆ ಹಾಕಿದರು, ತುಂಡುಗಳು ಹಾಳಾದವು. ಸೆಹಗಲ್ ಬಿಡಲಿಲ್ಲ. 2005ರಲ್ಲಿ ದೆಹಲಿ ಹೈಕೋರ್ಟು ಉಳಿದದ್ದನ್ನು ಅವರಿಗೆ ವಾಪಸ್ ಕೊಡಿಸಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು.

ಆದರೆ ಎಷ್ಟು ವರ್ಷ ಆಯ್ತು ನೋಡಿ. ನಿಮ್ಮ ಗೋಡೆಗೋಸ್ಕರ ಕೋರ್ಟು ಹತ್ತಿ ಅಂತ ನಾನು ಹೇಳಲ್ಲ. ಮುಂದಿನ ಸಲ ಬರೆಯುವ ಮೊದಲೇ, ಅಳಿಸುವ ಮುಂಚೆ ನಮಗೆ ತಿಳಿಸಬೇಕು ಅಂತ ಒಂದು ಸಾಲು ಬರೆಸಿಕೊಳ್ಳಿ. ಗೋಡೆಯಲ್ಲಿ ತೇವ ಇದೆಯಾ ಅಂತಲೂ ನೋಡಿ. ಒಂದೆರಡು ಮಳೆಗಾಲಕ್ಕೆ ಬಣ್ಣ ಸಿಪ್ಪೆ ಏಳೋಕೆ ಶುರುವಾದರೆ ಸುಣ್ಣದವರು ಬರೋದು ತಪ್ಪಲ್ಲ.

ಪ್ರಶ್ನೆ: ತಾತ ಬರೆದ ಜಲವರ್ಣ ಚಿತ್ರವೊಂದನ್ನು ಮನೆಯವರು ಒಂದು ಸರ್ಕಾರಿ ಕಟ್ಟಡಕ್ಕೆ ಕೊಟ್ಟಿದ್ದರು. ಕಿಟಕಿ ಎದುರಿಗೇ ಹಾಕಿದ್ದಾರೆ, ಆಕಾಶದ ನೀಲಿ ಪೂರ್ತಿ ಹೋಗಿದೆ. ತೊಳೆಸಿದರೆ ಬಣ್ಣ ಬರುತ್ತಾ?
— ಓದುಗ, ಶ್ರೀರಂಗಪಟ್ಟಣ

ಉತ್ತರ: ತೊಳೆಸಬೇಡಿ! ಜಲವರ್ಣಕ್ಕೆ ನೀರು ಸೋಕಿದರೆ ಇರೋದೂ ಹೋಗುತ್ತೆ. ಬಿಸಿಲಿಗೆ ಹೋದ ಬಣ್ಣ ವಾಪಸ್ ಬರಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಅಷ್ಟೇ. ಕಾಗದದ ಮೇಲಿನ ಚಿತ್ರಕ್ಕೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ) ಬೆಳಕು ಸಾಕು ಅನ್ನೋದು ಮ್ಯೂಸಿಯಂಗಳ ಲೆಕ್ಕ. ನಡುಮಧ್ಯಾಹ್ನದ ಬಯಲ ಬಿಸಿಲಲ್ಲಿ ಅದು ಲಕ್ಷದ ಹತ್ತಿರ ಹೋಗುತ್ತೆ.

ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ದೀರಲ್ವಾ? ಅದೂ ಜಲವರ್ಣವೇ. (ಎಷ್ಟೋ ಜನ ಈಗಲೂ ರವಿವರ್ಮನದ್ದು ಅಂತಾರೆ. ಅಲ್ಲ, ಎಸ್. ಎಲ್. ಹಲ್ದಣಕರ್ ಬರೆದದ್ದು.) ನಾವೆಲ್ಲ ಅದನ್ನು ಕತ್ತಲೆ ಕೋಣೆಯಲ್ಲಿ ನಿಂತು ನೋಡಿದವರು. ದೀಪ ನಿಜವಾಗಿ ಉರಿಯುತ್ತಿದೆ ಅನ್ನಿಸುವುದಕ್ಕೆ ಮಾಡಿದ ಕತ್ತಲೆ ಅದು, ಆದರೆ ಕಾಗದಕ್ಕೂ ಅದೇ ಒಳ್ಳೆಯದು. ಅಲ್ಲಿನ ಅಧಿಕಾರಿಗೆ ಒಂದು ಪತ್ರ ಬರೆದು, ತಾತನ ಚಿತ್ರವನ್ನು ಕಿಟಕಿ ಇರುವ ಗೋಡೆಗೇ ಹಾಕಿಸಿ, ಎದುರುಗೋಡೆಗೆ ಬೇಡ. ಅದೂ ಆಗದಿದ್ದರೆ ಒಂದು ಪರದೆ ನೀವೇ ಹೊಲಿಸಿಕೊಡಿ, ಅದಕ್ಕೆ ಟೆಂಡರ್ ಕರೆಯೋವರೆಗೆ ಕಾಯಬೇಡಿ.