ಮಗನಿಗೆ ಕೋವಿಡ್ ಬಂದರೆ ಈಗ ಎಷ್ಟು ದಿನ ಸ್ಕೂಲಿಗೆ ಕಳಿಸಬಾರದು?

ಸೋಮವಾರ ಮಗನ ಟೆಸ್ಟಿನಲ್ಲಿ ಎರಡು ಗೆರೆ ಬಂತು, ಸ್ಕೂಲಿನವರು ಬುಧವಾರವೇ ಕಳಿಸಬಹುದು ಅಂತಾರೆ, ಐದು ದಿನದ ನಿಯಮ ಏನಾಯ್ತು ಅಂತ ಕೇಳಿದ್ದೀರಿ. ನೀವೂ ಅದೇ ಸ್ಕೂಲಿನ ಕೆಫೆಟೇರಿಯಾದಲ್ಲಿ ಕೆಲಸ ಮಾಡ್ತೀರಿ, ನಿಮಗೂ ಇದೇ ನಿಯಮವಾ ಅನ್ನೋದು ಎರಡನೇ ಪ್ರಶ್ನೆ.

ನಾನು ಇಲ್ಲಿ ಅಮೆರಿಕದಲ್ಲೇ ಒಂದು ಎಲಿಮೆಂಟರಿ ಸ್ಕೂಲಿನ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುತ್ತೇನೆ. ಚಳಿಗಾಲದಲ್ಲಿ ಬೆಳಿಗ್ಗೆ ಫೋನ್ ಎತ್ತಿದರೆ ಸಾಕು, ಇದೇ ಪ್ರಶ್ನೆ.

ಐದು ದಿನದ ನಿಯಮ ಈಗಿಲ್ಲ. ಮೊದಲು ಹತ್ತು ದಿನ ಇತ್ತು. 2021ರ ಡಿಸೆಂಬರ್ ಕೊನೆಯಲ್ಲಿ ಸಿಡಿಸಿ, ಅಂದರೆ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ, ಅದನ್ನು ಐದಕ್ಕೆ ಇಳಿಸಿತು. 2024ರ ಮಾರ್ಚ್ 1ರಂದು ಅದನ್ನೂ ತೆಗೆದು, ಕೋವಿಡ್, ಫ್ಲೂ, ಆರ್‌ಎಸ್‌ವಿ (ಉಸಿರಾಟದ ಇನ್ನೊಂದು ವೈರಸ್) ಮೂರಕ್ಕೂ ಸೇರಿಸಿ ಒಂದೇ ಸಲಹೆ ಕೊಟ್ಟಿತು. ಜ್ವರ ಬಿಟ್ಟು 24 ಗಂಟೆ ಆಗಿರಬೇಕು, ಉಳಿದ ಲಕ್ಷಣಗಳೂ ಒಟ್ಟಾರೆ ಕಡಿಮೆಯಾಗುತ್ತಾ ಬಂದಿರಬೇಕು. ಎರಡೂ ಆದರೆ ಹೊರಗೆ ಹೋಗಬಹುದು. ಆಮೇಲೆ ಐದು ದಿನ ಮಾಸ್ಕ್, ಕೈ ತೊಳೆಯೋದು, ಕಿಟಕಿ ತೆರೆದಿಡೋದು, ಸ್ವಲ್ಪ ದೂರ ಇರೋದು. ಲಕ್ಷಣವೇ ಇಲ್ಲದೆ ಬರೀ ಟೆಸ್ಟ್ ಪಾಸಿಟಿವ್ ಬಂದರೆ ಮನೆಯಲ್ಲಿ ಉಳಿಯಬೇಕೆಂದಿಲ್ಲ, ಆದರೆ ಆ ಐದು ದಿನದ ಜಾಗ್ರತೆ ಅವರಿಗೂ ಇದೆ.

ಹಾಗಾಗಿ "ಬುಧವಾರ" ಅನ್ನೋದು ಸುಮ್ನೆ ಒಂದು ಅಂದಾಜು. ಈಗ ದಿನ ಎಣಿಸುವ ಲೆಕ್ಕ ಹೋಯಿತು, ಜ್ವರ ಯಾವಾಗ ಬಿಟ್ಟಿತು ಅನ್ನೋದೇ ಲೆಕ್ಕ. ನಿಮ್ಮ ಹುಡುಗನಿಗೆ ಮಂಗಳವಾರ ರಾತ್ರಿ 101 ಡಿಗ್ರಿ ಇದ್ದರೆ ಬುಧವಾರದ ಮಾತೇ ಇಲ್ಲ.

ಆ 24 ಗಂಟೆಯ ಜೊತೆಗೆ ಒಂದು ಷರತ್ತಿದೆ: ಜ್ವರದ ಔಷಧಿ ಕೊಡದೆ ಜ್ವರ ಬಿಟ್ಟಿರಬೇಕು. ಎಲ್ಲರೂ ಎಡವೋದು ಇಲ್ಲೇ. ನಾನೂ ಎಡವಿದ್ದೇನೆ. ಎರಡು ವರ್ಷದ ಹಿಂದೆ ಮಗಳಿಗೆ ಬೆಳಿಗ್ಗೆ ಆರಕ್ಕೆ ಟೈಲೆನಾಲ್ ಕುಡಿಸಿದೆ. ಏಳೂವರೆಗೆ ಥರ್ಮಾಮೀಟರ್ 98.6 ತೋರಿಸಿತು. ಅಂದು ಆಫೀಸಿನಲ್ಲಿ ರಜೆ ಸಿಗುವ ಹಾಗಿರಲಿಲ್ಲ, ಕಳಿಸಿಬಿಟ್ಟೆ. ಆ ಔಷಧಿಯ ಪ್ರಭಾವ ನಾಲ್ಕರಿಂದ ಆರು ಗಂಟೆ ಅಷ್ಟೇ. ಹನ್ನೊಂದೂವರೆಗೆ ನರ್ಸ್ ಕರೆದರು. ಹೋಗಿ ನೋಡಿದರೆ ಮಂಚದ ಮೇಲೆ ಜಾಕೆಟ್ ಹೊದ್ದು ಕೂತಿದ್ದಾಳೆ, ಕೆನ್ನೆ ಕೆಂಪಗಾಗಿದೆ, ಕೈಯಲ್ಲಿ ಕಾಗದದ ಲೋಟ. "ಅಮ್ಮಾ, ನಾನು ಹೇಳಿದ್ದೆ ಅಲ್ವಾ" ಅಂದಳು. ದಿನಾ ಬೇರೆ ಅಪ್ಪ ಅಮ್ಮಂದಿರಿಗೆ ಫೋನಿನಲ್ಲಿ ಹೇಳುವ ಮಾತನ್ನು ನಾನೇ ಪಾಲಿಸಿರಲಿಲ್ಲ. ಆವತ್ತಿನಿಂದ ಔಷಧಿ ಕೊಟ್ಟ ಹೊತ್ತನ್ನು ಫ್ರಿಜ್ ಮೇಲೆ ಬರೆದಿಡುತ್ತೇನೆ. ಕೊನೇ ಡೋಸಿನ ಪ್ರಭಾವ ಕಳೆದ ಮೇಲೂ 100.4ಕ್ಕಿಂತ ಕೆಳಗೇ ಇದ್ದರೆ ಅಲ್ಲಿಂದ ಗಡಿಯಾರ ಶುರು.

ಕೆಮ್ಮು ಪೂರ್ತಿ ಹೋಗಲಿ ಅಂತ ಕಾಯಬೇಡಿ. ಅದು ವಾರಗಟ್ಟಲೆ ಉಳಿಯಬಹುದು. ಕಡಿಮೆಯಾಗುತ್ತಿದ್ದರೆ ಸಾಕು. ಸ್ಕೂಲಿಗೆ ಹೋದ ಮೇಲೆ ಜ್ವರ ಮತ್ತೆ ಬಂದರೆ ಅಥವಾ ಜಾಸ್ತಿ ಸುಸ್ತಾದರೆ ಮಾತ್ರ ವಾಪಸ್ ಮನೆಗೆ. ಆಗ 24 ಗಂಟೆ, ಆಮೇಲಿನ ಐದು ದಿನ, ಎರಡೂ ಮೊದಲಿನಿಂದ.

ನೆಗೆಟಿವ್ ಬರುವ ತನಕ ದಿನಾ ಟೆಸ್ಟ್ ಮಾಡಿ ಮೂಗು ಕೆರೆಯೋದೂ ಬೇಕಿಲ್ಲ. ಲ್ಯಾಬಿನಲ್ಲಿ ಮಾಡುವ ಪಿಸಿಆರ್ ಟೆಸ್ಟ್ ಅಂತೂ ವಾಸಿಯಾದ ಮೇಲೂ ಮೂರು ತಿಂಗಳವರೆಗೆ ಪಾಸಿಟಿವ್ ತೋರಿಸಬಹುದು. ಆದರೆ ಮನೆಯಲ್ಲಿ ಅಜ್ಜಿ ತಾತ ಬಂದಿದ್ದರೆ ಮನೆಯ ರ್‍ಯಾಪಿಡ್ ಟೆಸ್ಟ್ ಒಂದು ಮಾಡಿ ನೋಡೋದು ಒಳ್ಳೇದೇ. ಅಂದಹಾಗೆ, ಕಿಟ್ ಡಬ್ಬದ ಮೇಲೆ ತಾರೀಖು ಮುಗಿದಿದೆ ಅಂತ ಎಸೆಯುವ ಮೊದಲು ಎಫ್‌ಡಿಎ (ಔಷಧಿ, ಟೆಸ್ಟ್ ಕಿಟ್‌ಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಪಟ್ಟಿ ನೋಡಿ. ಹಲವು ಕಂಪನಿಗಳ ಕಿಟ್‌ಗಳಿಗೆ ಅವಧಿ ವಿಸ್ತರಿಸಿದ್ದಾರೆ.

ಇನ್ನು ನಿಮ್ಮ ವಿಷಯ. ಸಿಡಿಸಿ ಸಲಹೆ ಮಕ್ಕಳಿಗೂ ಸಿಬ್ಬಂದಿಗೂ ಒಂದೇ. ಮಗನಿಗೆ ಬಂದಿದೆ ಅನ್ನೋ ಒಂದೇ ಕಾರಣಕ್ಕೆ ನೀವು ಮನೆಯಲ್ಲಿ ಕೂರಬೇಕಿಲ್ಲ. ಸೋಂಕಿತರ ಜೊತೆ ಇದ್ದವರ ಕ್ವಾರಂಟೈನನ್ನು 2022ರ ಆಗಸ್ಟ್‌ನಲ್ಲೇ ಕೈಬಿಟ್ಟಿದ್ದಾರೆ. ಆದರೆ ನೀವು ಊಟ ಬಡಿಸುವವರು, ಮಕ್ಕಳ ತಟ್ಟೆಯ ಹತ್ತಿರ ಬಾಗಿ ನಿಲ್ಲುವವರು. ನಾನಾಗಿದ್ದರೆ ಗಂಟಲು ಸ್ವಲ್ಪ ಕೆರೆದರೂ ಟೆಸ್ಟ್ ಮಾಡಿ ನೋಡುತ್ತಿದ್ದೆ, ಮಾಸ್ಕ್ ಅಂತೂ ಮೊದಲ ದಿನದಿಂದಲೇ ಹಾಕುತ್ತಿದ್ದೆ.

ಸಿಡಿಸಿ ಹೇಳೋದು ಸಲಹೆ, ಕಾನೂನಲ್ಲ. ರಾಜ್ಯ, ಕೌಂಟಿ, ಸ್ಕೂಲ್ ಡಿಸ್ಟ್ರಿಕ್ಟ್ ಇದಕ್ಕಿಂತ ಬಿಗಿಯಾಗಿ ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾ 2024ರ ಜನವರಿಯಲ್ಲಿ ಸಿಡಿಸಿಗಿಂತ ಮೊದಲೇ ಐದು ದಿನ ತೆಗೆದಿತ್ತು, ಆದರೆ ಒಳಾಂಗಣದಲ್ಲಿ ಮಾಸ್ಕ್ ಹತ್ತು ದಿನ ಹಾಕಿ ಅಂದಿತ್ತು. ಆದ್ದರಿಂದ ಮಗನ ವಿಷಯಕ್ಕೆ ಸ್ಕೂಲ್ ನರ್ಸನ್ನು ಕೇಳಿ, ನಿಮ್ಮ ರಜೆಗೆ ಎಚ್‌ಆರ್‌ಗೆ ಬರೆದು ಕೇಳಿ. ಬಾಯಿ ಮಾತಿನಲ್ಲಿ ಬಿಡಬೇಡಿ, ಇಮೇಲ್ ಇರಲಿ.

ನಾಳೆ ಹಾಜರಿ ಲೈನಿಗೆ ಫೋನ್ ಮಾಡಿದಾಗ "ಹುಷಾರಿಲ್ಲ" ಅಂತಷ್ಟೇ ಹೇಳಿ ಇಡಬೇಡಿ. ಕೋವಿಡ್ ಪಾಸಿಟಿವ್, ಜ್ವರ ಯಾವಾಗ ಶುರುವಾಯಿತು, ಈಗ ಎಷ್ಟಿದೆ, ಇಷ್ಟು ಹೇಳಿ. ನಮ್ಮ ಕಡೆ ಕೂತವರಿಗೆ ಬರೆದುಕೊಳ್ಳಲು ಅದೇ ಬೇಕು.