ಹಿಮದ ನಾಡಿನಲ್ಲಿ ನೀರಿನ ಚಿಂತೆ

ಪ್ರಶ್ನೆ: ಸೈಬೀರಿಯದ ಯಾಕೂತಿಯದಲ್ಲಿ ಚಳಿಗಾಲವಿಡೀ ಸುತ್ತಲೂ ಹಿಮವೇ ಇರುತ್ತದೆ. ಅದನ್ನು ಕರಗಿಸಿ ಕುಡಿದರಾಯಿತು. ಅಲ್ಲಿನ ಹಳ್ಳಿಗರಿಗೆ ನೀರಿನ ತಾಪತ್ರಯವೇ ಇರಲಾರದು, ಅಲ್ಲವೆ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ನನಗೆ ಎಷ್ಟು ಸಲ ಬಂದಿದೆಯೆಂದರೆ, ಈ ಬಾರಿ ಜಾಗದ ಬಹುಪಾಲನ್ನು ಇದಕ್ಕೇ ಕೊಟ್ಟು ಮುಗಿಸಿಬಿಡುತ್ತೇನೆ. ಅಲ್ಲಿನ ಹಿಮ ಹಿಟ್ಟಿನಂತೆ ಒಣಗಿದ, ಹಗುರವಾದ ವಸ್ತು. ಅದರಲ್ಲಿ ಗಾಳಿಯೇ ಹೆಚ್ಚು. ಹೊಸದಾಗಿ ಬಿದ್ದ ಹಿಮವನ್ನು ಹತ್ತು ಕೊಡ ಕರಗಿಸಿದರೆ ಒಂದು ಕೊಡ ನೀರು ಸಿಕ್ಕರೆ ಪುಣ್ಯ. ಹಿಮವಾದರೂ ಹೇರಳವಾಗಿ ಬೀಳುತ್ತದೆಯೇ ಎಂದರೆ, ಅದೂ ಇಲ್ಲ. ಯಾಕೂತ್ಸ್ಕ್ ನಗರದಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 240 ಮಿಲಿಮೀಟರ್. ನಮ್ಮ ಚಳ್ಳಕೆರೆಯಲ್ಲಿ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ.

ಬಾವಿ ತೋಡಬಾರದೇಕೆ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ನನಗೆ ಗೊತ್ತು. ಶೆರ್ಗಿನ್ ಎಂಬ ವ್ಯಾಪಾರಿ 1828ರಲ್ಲಿ ಯಾಕೂತ್ಸ್ಕ್‌ನಲ್ಲಿ ಅದನ್ನೂ ಮಾಡಿ ನೋಡಿದ. 1837ರ ಹೊತ್ತಿಗೆ 116 ಮೀಟರ್ ಆಳಕ್ಕೆ ಇಳಿದರೂ ತಳದ ಮಣ್ಣು ಹೆಪ್ಪುಗಟ್ಟಿಯೇ ಇತ್ತು, ನೀರಿನ ಸುಳಿವಿರಲಿಲ್ಲ. ಮುಂದೆ 1840ರ ದಶಕದಲ್ಲಿ ಮಿಡೆನ್‌ಡಾರ್ಫ್ ಎಂಬ ವಿಜ್ಞಾನಿ ಅದೇ ಬಾವಿಯೊಳಗೆ ನೆಲದ ಉಷ್ಣತೆಯನ್ನು ಅಳೆದದ್ದರಿಂದ ಅದು ವಿದ್ವಾಂಸರ ಪಾಲಿಗೆ ಪ್ರಸಿದ್ಧವಾಯಿತೇ ಹೊರತು ಯಾರ ಬಾಯಾರಿಕೆಯನ್ನೂ ತೀರಿಸಲಿಲ್ಲ.

ಆದ್ದರಿಂದ ಅಲ್ಲಿನ ಸಖಾ ಜನರು ಹಿಮವನ್ನಲ್ಲ, ಮಂಜುಗಡ್ಡೆಯನ್ನು ಕುಡಿಯುತ್ತಾರೆ, ಮತ್ತು ಅದನ್ನು ನಾವು ವರ್ಷದ ಸೌದೆಯನ್ನು ಮಳೆಗಾಲಕ್ಕೆ ಮುಂಚೆ ಒಟ್ಟಿಕೊಳ್ಳುವಂತೆ ಚಳಿ ಬಲಿಯುವ ಮುನ್ನವೇ ಒಟ್ಟಿಕೊಳ್ಳುತ್ತಾರೆ. ನವೆಂಬರ್ ಸುಮಾರಿಗೆ ಕೆರೆಯ ಮೇಲಿನ ಗಡ್ಡೆ ಆಳುಗಳ ಭಾರ ತಡೆಯುವಷ್ಟು ದಪ್ಪವಾಗಿ, ಕೈಯಿಂದ ಕೊಯ್ಯಲಾಗದಷ್ಟು ದಪ್ಪವಾಗುವ ಮೊದಲು, ಬಂಧುಗಳು, ನೆರೆಯವರು ಸೇರಿ ಕೆಲಸಕ್ಕೆ ಇಳಿಯುತ್ತಾರೆ. ಮೇಲಿನ ಹಿಮವನ್ನು ಗುಡಿಸಿ, ಗೆರೆ ಎಳೆದು, ಗರಗಸದಿಂದ ಕೊಯ್ದು, ಹಾರೆಯಿಂದ ಮೀಟಿ, ಕೊಕ್ಕೆ ಹಾಕಿ ಎಳೆದ ಒಂದೊಂದು ತುಂಡೂ ಬಿಸಿಲಿಗೆ ಹಿಡಿದರೆ ತಿಳಿನೀಲಿ ಗಾಜಿನಂತೆ ಕಾಣುತ್ತದೆ. ಕೆಸರಿನ ಬಣ್ಣವಿರುವ ಅಥವಾ ಹುಲ್ಲು ಸಿಕ್ಕಿಕೊಂಡ ತುಂಡನ್ನು ಯಜಮಾನ ಕಾಲಿನಿಂದಲೇ ಅತ್ತ ತಳ್ಳುತ್ತಾನೆ. ನೀರು ಹೆಪ್ಪುಗಟ್ಟುವಾಗ ಅದರಲ್ಲಿನ ಲವಣಗಳು ಬಹುಮಟ್ಟಿಗೆ ಕೆಳಗೇ ಉಳಿಯುವುದರಿಂದ, ಕೆರೆಯ ನೀರಿಗಿಂತ ಅದರ ಗಡ್ಡೆಯೇ ರುಚಿ. ಚಹಾಕ್ಕೆ ಬೇರೆ ನೀರು ಬೇಡವೆನ್ನುವವರು ಅಲ್ಲಿ ಬೇಕಾದಷ್ಟಿದ್ದಾರೆ.

ಅಂಗಳದಲ್ಲಿ ಒಟ್ಟಿದ ಈ ರಾಶಿಗೆ ಚಳಿಗಾಲದಲ್ಲಿ ಕಾವಲೂ ಬೇಡ, ಮುಚ್ಚಿಗೆಯೂ ಬೇಡ. ಬೇಸಿಗೆಗೆ ಬೇಕಾದಷ್ಟನ್ನು ಮಾತ್ರ ಸದಾ ಹೆಪ್ಪುಗಟ್ಟಿದ ನೆಲದೊಳಗೆ ತೋಡಿದ ‘ಬುಲೂಸ್’ ಎಂಬ ನೆಲಮಾಳಿಗೆಯಲ್ಲಿ, ಮಾಂಸ, ಮೀನುಗಳ ಜೊತೆಗೆ ಇಡುತ್ತಾರೆ. ದಿನವೂ ಒಂದೆರಡು ತುಂಡು ಒಳತಂದು ಒಲೆಯ ಪಕ್ಕದ ಪೀಪಾಯಿಗೆ ಹಾಕಿದರೆ ಅವು ತಾವಾಗಿ ಕರಗುತ್ತವೆ. ಅವಸರಪಡುವವರು ಒಂದು ಲೆಕ್ಕ ತಿಳಿದಿರಲಿ: ಒಂದು ಕಿಲೋ ಗಡ್ಡೆಯನ್ನು ಬರಿದೇ ಕರಗಿಸಲು ತಗಲುವ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಅಲ್ಲಿ ನೀರೆಂದರೆ ಸೌದೆಯೂ ಹೌದು. ಹೀಗಿರುವಾಗ ಆ ಮನೆಗಳಲ್ಲಿ ಅತಿಥಿಯೊಬ್ಬ ಲೋಟದಲ್ಲಿ ಅರ್ಧ ನೀರು ಬಿಟ್ಟು ಏಳುವುದನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಗಡ್ಡೆಯ ಉಪಯೋಗ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ‘ಬಲಗಾನ್’ ಎಂಬ ಹಳೆಯ ಮರದ ಮನೆಗಳಲ್ಲಿ ಚಳಿಗಾಲದ ಕಿಟಕಿಗೆ ಗಾಜಿನ ಬದಲು ಮಂಜುಗಡ್ಡೆಯ ಹಲಗೆಯನ್ನೇ ಕೂರಿಸಿ, ಸಂದಿಗೆ ಒದ್ದೆ ಹಿಮ ಮೆತ್ತುತ್ತಿದ್ದರು. ಅದೇ ಮನೆಯ ಗೋಡೆಗೆ ಮಣ್ಣು ಮತ್ತು ಸಗಣಿ ಬಳಿಯುತ್ತಿದ್ದರೆಂದು ಹೇಳಿದಾಗ ಮೂಗು ಮುರಿಯುವವರು ತಮ್ಮ ಅಜ್ಜಿಯ ಮನೆಯ ನೆಲವನ್ನು ಸ್ವಲ್ಪ ನೆನಪಿಸಿಕೊಳ್ಳಲಿ.

ಪ್ರಶ್ನೆ: ಮದ್ಯ ಕುಡಿದರೆ ಮೈ ಬೆಚ್ಚಗಾಗುವುದು ನಿಜವೆ?

ಉತ್ತರ: ಬೆಚ್ಚಗಾದಂತೆ ಅನ್ನಿಸುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ, ಅಷ್ಟೇ.

ಪ್ರಶ್ನೆ: ಸಖಾ ಜನರು ಇಗ್ಲೂಗಳಲ್ಲಿ ವಾಸಿಸುತ್ತಾರೆಯೆ?

ಉತ್ತರ: ಇಲ್ಲ. ಇಗ್ಲೂ ಸಾವಿರಾರು ಕಿಲೋಮೀಟರ್ ಆಚೆಯ ಇನ್ಯುಯಿಟ್ ಜನರದು.

ಪ್ರಶ್ನೆ: ಸಂತೆಯಲ್ಲಿ ‘ಸೈಬೀರಿಯದ ಕರಡಿಯ ಕೊಬ್ಬಿನ ಎಣ್ಣೆ’ ಕೊಂಡಿದ್ದೇನೆ. ಮಂಡಿನೋವಿಗೆ ಹಚ್ಚಬಹುದೆ?

ಉತ್ತರ: ಉಡದೆಣ್ಣೆ ಮಾರುವವನು ಈಗ ಭೂಗೋಳವನ್ನೂ ಕಲಿತಿದ್ದಾನೆ. ಬಾಟಲಿಯನ್ನು ಎಸೆದು ಮೂಳೆ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಚಳಿಗೆ ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜಬೇಕೆಂದು ಓದಿದ್ದೇನೆ. ಜನವರಿಯಲ್ಲಿ ಯಾಕೂತ್ಸ್ಕ್‌ಗೆ ಹೊರಟಿರುವ ನನಗೆ ಬೇರೇನು ಸಲಹೆ?

ಉತ್ತರ: ಉಜ್ಜಲೇಬಾರದು. ಹಿಮದಿಂದ ಉಜ್ಜಿದರೆ ಮೊದಲೇ ಕೆಟ್ಟ ಚರ್ಮ ಇನ್ನಷ್ಟು ಹರಿಯುತ್ತದೆ. ಮನೆಯೊಳಗೆ ಹೋಗಿ, ಮತ್ತೆ ಚಳಿಗೆ ಸಿಕ್ಕುವ ಭಯವಿಲ್ಲವೆಂದಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳನ್ನು ಇಳಿಬಿಟ್ಟು, ವೈದ್ಯರಲ್ಲಿಗೆ ಹೋಗಬೇಕು. ಇನ್ನು ಪ್ರಯಾಣದ ಮಾತು. ಆ ನಗರದಲ್ಲಿ ಜನವರಿಯ ಸರಾಸರಿಯೇ ಮೈನಸ್ 40ರ ಆಸುಪಾಸಿನಲ್ಲಿರುವುದರಿಂದ ಮೊದಲ ಭೇಟಿಗೆ ಮಾರ್ಚ್ ಕೊನೆಯನ್ನು ಆರಿಸಿಕೊಳ್ಳಿರೆಂಬುದು ನನ್ನ ಸಲಹೆ. ಹೋಗಿಯೇ ತೀರುವುದಾದರೆ ಬೆವರುವಂತೆ ನಡೆಯಬೇಡಿರಿ, ಏಕೆಂದರೆ ಒದ್ದೆಯಾದ ಒಳಂಗಿ ಚಳಿಗಿಂತ ದೊಡ್ಡ ಶತ್ರು. ಲೋಹದ ಚೌಕಟ್ಟಿನ ಕನ್ನಡಕವನ್ನು ಇಲ್ಲಿಯೇ ಬಿಟ್ಟುಹೋಗಿರಿ. ನನ್ನ ಎಡಗೆನ್ನೆಯ ಮೇಲಿನ ಸಣ್ಣ ಕಲೆ ಆ ಎಚ್ಚರಿಕೆಯನ್ನು ಕೇಳದೆ ಹೋದದ್ದರ ಫಲ.